ಪಹಣಿ ಇಲ್ಲದವರ ಸೆರೆಮನೆ

1

ಬಿ.ಎ. ತರಗತಿಯಲ್ಲಿ ದೇವನೂರ ಮಹಾದೇವರ 'ಒಡಲಾಳ' ಪಾಠ ಮಾಡುತ್ತಿದ್ದೆ. ಎತ್ತಪ್ಪ ಸಾಹುಕಾರನ ಕಡಲೆಕಾಯಿ ಮೂಟೆ ಸಾಕವ್ವನ ಮನೆ ಸೇರುವುದು, ಮನೆಮಂದಿಯೆಲ್ಲ ಒಲೆ ಸುತ್ತ ಕೂತು ತಿನ್ನುವುದು, ಸಿಪ್ಪೆಯೂ ಉಳಿಯದಂತೆ ಸುಡುವುದು, ಬೆಳಗಾದ ಮೇಲೆ ಪೊಲೀಸರು ಹುಡುಕಿಕೊಂಡು ಬರುವುದು. ಈ ಭಾಗಕ್ಕೆ ಬಂದರೆ ತೂಕಡಿಸುವ ಹುಡುಗರೂ ಎದ್ದು ಕೂರುತ್ತಾರೆ. ನಾನೂ ಹುರುಪಿನಲ್ಲಿದ್ದೆ. ಹಸಿವೇ ಹಬ್ಬವಾಗುವ ಬಗೆ, ಪುಟ್ಟಗೌರಿ ಗೋಡೆ ಮೇಲೆ ಬರೆಯುವ ನವಿಲು, ದೇಸಿ ನುಡಿಯ ಕಸುವು ಅಂತ ಎಂ.ಎ.ಯಲ್ಲಿ ನಮ್ಮ ಮೇಷ್ಟ್ರು ಹೇಳಿದ್ದನ್ನೆಲ್ಲ ನನ್ನದೇ ಅನ್ನೋ ಹಾಗೆ ಹೇಳುತ್ತಿದ್ದೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನೀವು ಎಷ್ಟೇ ಹೇಳಿದ್ರೂ ಅದು ಕಳ್ಳತನ ಅಲ್ವಾ? ಜೈಲಿಗೆ ಹಾಕ್ದೆ ಬಿಟ್ರೆ ನಾಳೆ ಇನ್ನೊಂದು ಮೂಟೆ ಹೋಗುತ್ತೆ" ಅಂದಳು. ತರಗತಿ ನಕ್ಕಿತು. ಇಂಥ ಪ್ರಶ್ನೆಗೆ ನಮ್ಮಂಥವರ ಬಳಿ ತಯಾರಾದ ಉತ್ತರ ಇರುತ್ತದೆ. ತಲೆಮಾರುಗಳ ದುಡಿಮೆಯನ್ನು ಕದ್ದವರು ಯಾರು, ಮೊದಲ ಕಳ್ಳ ಯಾರು ಎಂಬುದು ಆ ಉತ್ತರ. ಹೇಳಿದೆ. ಅವಳು ಕೂತಳು. ಒಪ್ಪಿದಂತೆ ಕಾಣಲಿಲ್ಲ.

ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ವರಾಂಡದಲ್ಲಿ ಕಾದಿದ್ದ. "ಸಾರ್, ನಮ್ಮಣ್ಣ ಎಂಟು ತಿಂಗಳಿಂದ ಒಳಗಿದಾನೆ. ಬೈಕ್ ಕೇಸು. ಬೇಲ್ ಆಗಿದೆ. ಶೂರಿಟಿಗೆ ಪಹಣಿ ಕೇಳ್ತಾರೆ. ನಿಮ್ಮತ್ರ ಪಹಣಿ ಇದೆಯಾ ಸಾರ್?" ಅಂದ. ನನ್ನ ಹತ್ತಿರ ಇರಲಿಲ್ಲ. ನಮ್ಮಪ್ಪನ ಹೆಸರಲ್ಲೂ ಇರಲಿಲ್ಲ, ತಾತನ ಹೆಸರಲ್ಲೂ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಎಂ.ಎ. ಸರ್ಟಿಫಿಕೇಟು ಮತ್ತು ಕೈಯಲ್ಲಿದ್ದ 'ಒಡಲಾಳ'.

ಹುಡುಗಿಯ ಪ್ರಶ್ನೆ ಜೈಲಿಗೆ ಹಾಕಿದರೆ ಅಪರಾಧ ಕಡಿಮೆಯಾಗುತ್ತದೆಯೇ ಎಂಬುದು. ಹುಡುಗನ ಪ್ರಶ್ನೆ ಜೈಲಿನಲ್ಲಿ ಯಾರಿದ್ದಾರೆ ಎಂಬುದು. ಎರಡನೆಯದನ್ನು ಕೇಳದೆ ಮೊದಲನೆಯದಕ್ಕೆ ಉತ್ತರ ಹೇಳಲು ಬರುವುದಿಲ್ಲ ಎಂದು ನನಗೆ ಈಗ ಅನ್ನಿಸುತ್ತಿದೆ. ದಲಿತ ವಿಮರ್ಶೆ ಇದನ್ನು ತನ್ನ ಪ್ರಶ್ನೆಯೆಂದು ಇನ್ನೂ ತಿಳಿದಿಲ್ಲ ಎಂಬುದು ಈ ಬರಹದ ತಕರಾರು.

2

ಮೊದಲು ಲೆಕ್ಕ ನೋಡೋಣ. ಇದು ನಮ್ಮ ಲೆಕ್ಕವಲ್ಲ, ಸರ್ಕಾರವೇ ಅಚ್ಚು ಹಾಕಿದ್ದು. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಯ ಪ್ರಕಾರ 2022ರ ಡಿಸೆಂಬರ್ 31ರಂದು ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅಲ್ಲಿದ್ದ ಜಾಗ 4,36,266 ಜನರಿಗೆ. ಅಂದರೆ ನೂರು ಜನರ ಜಾಗದಲ್ಲಿ 131 ಜನ. ಪತ್ರಿಕೆಗಳು ಇಷ್ಟನ್ನು ಬರೆದು, ಹೊಸ ಜೈಲು ಕಟ್ಟಬೇಕು ಅಂತ ಮುಗಿಸುತ್ತವೆ. ಮುಂದಿನ ಸಾಲನ್ನೂ ಓದಬೇಕು. ಆ ಐದೂಮುಕ್ಕಾಲು ಲಕ್ಷದಲ್ಲಿ 4,34,302 ಜನ, ಅಂದರೆ ನೂರಕ್ಕೆ 76ರಷ್ಟು ಜನ, ವಿಚಾರಣಾಧೀನರು. ಶಿಕ್ಷೆಯಾದವರು 1,33,415 ಮಾತ್ರ. ತಪ್ಪು ಸಾಬೀತಾದವರನ್ನಷ್ಟೇ ಒಳಗಿಟ್ಟರೆ ಈ ದೇಶದ ಜೈಲುಗಳ ಹತ್ತು ಕೋಣೆಗಳಲ್ಲಿ ಸುಮಾರು ಏಳು ಖಾಲಿ ಬೀಳುತ್ತವೆ. ವಿಚಾರಣಾಧೀನರಲ್ಲಿ ಕೊಲೆ, ಅತ್ಯಾಚಾರದ ಆರೋಪ ಹೊತ್ತವರೂ ಇದ್ದಾರೆ, ಅವರೆಲ್ಲರನ್ನೂ ನಾಳೆಯೇ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಜೈಲು ತುಂಬಿರುವುದು ಶಿಕ್ಷೆಯಿಂದಲ್ಲ, ಕಾಯುವಿಕೆಯಿಂದ ಎಂಬುದಷ್ಟೇ ನನ್ನ ಮಾತು.

ಕಾಯುತ್ತಿರುವವರು ಯಾರು? ವಿಚಾರಣಾಧೀನರಲ್ಲಿ ಸುಮಾರು ಐವರಿಗೆ ಒಬ್ಬರು ಪರಿಶಿಷ್ಟ ಜಾತಿಯವರು. 2011ರ ಜನಗಣತಿಯಲ್ಲಿ ನಮ್ಮ ಪಾಲು ನೂರಕ್ಕೆ 16.6. ಸುಮಾರು ಮೂವರಲ್ಲಿ ಇಬ್ಬರು ಓದು ಬಾರದವರು, ಇಲ್ಲವೇ ಹತ್ತನೇ ತರಗತಿ ಮುಟ್ಟದವರು. ಶಾಲೆಯಲ್ಲಿ, ಸರ್ಕಾರಿ ನೌಕರಿಯಲ್ಲಿ, ನ್ಯಾಯಪೀಠದಲ್ಲಿ ನಮ್ಮ ಪಾಲು ತುಂಬಲಿಲ್ಲ ಅಂತ ಎಪ್ಪತ್ತೈದು ವರ್ಷದಿಂದ ಅರ್ಜಿ ಬರೆಯುತ್ತಾ ಬಂದಿದ್ದೇವೆ. ಅರ್ಜಿ ಬರೆಯದೆಯೇ ಪಾಲಿಗಿಂತ ಹೆಚ್ಚು ಸಿಕ್ಕ ಜಾಗ ಇದೊಂದು.

'ವಿಚಾರಣಾಧೀನ' ಎಂಬ ಪದವನ್ನೇ ನೋಡಿ. ನಮ್ಮ ವಿಮರ್ಶೆಯಲ್ಲಿ ತೊಂಬತ್ತರ ದಶಕದಿಂದ ಅಧೀನ ಸಂಸ್ಕೃತಿ, ಅಧೀನ ಪ್ರಜ್ಞೆ, ಅಧೀನರ ಚರಿತ್ರೆ ಎಂಬ ಮಾತುಗಳು ಓಡಾಡಿವೆ. ಎಷ್ಟೋ ಸೆಮಿನಾರುಗಳಾಗಿವೆ. ಸರ್ಕಾರವೇ ತನ್ನ ಕಡತದಲ್ಲಿ 'ಅಧೀನ' ಅಂತ ಬರೆದು, ಸಂಖ್ಯೆ ಕೊಟ್ಟು, ಬೀಗ ಹಾಕಿಟ್ಟ ನಾಲ್ಕು ಲಕ್ಷ ಚಿಲ್ಲರೆ ಜನ ಮಾತ್ರ ನಮ್ಮ ಯಾವ ಸೆಮಿನಾರಿಗೂ ಬರಲಿಲ್ಲ. ಆ ಪದದಲ್ಲಿ ವಿಚಾರಣೆ ಹೆಸರಿಗಷ್ಟೇ ಉಂಟು. ವಾಯಿದೆ ಮೇಲೆ ವಾಯಿದೆ ಬೀಳುತ್ತದೆ, ಉಳಿಯುವುದು ಅಧೀನತೆ.

ಇನ್ನು ಪಹಣಿ. 1978ರಲ್ಲಿ ಮೋತಿರಾಮ್ ಎಂಬ ಮಧ್ಯಪ್ರದೇಶದ ಗಾರೆ ಕೆಲಸದವನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಜಾಮೀನು ಕೊಡಿ ಎಂದು ಮೇಲಿನ ಕೋರ್ಟು ಹೇಳಿದ ಮೇಲೂ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಭದ್ರತೆ ಕೇಳಿದ್ದರು. ಅಣ್ಣತಮ್ಮಂದಿರಲ್ಲೊಬ್ಬ ಜಾಮೀನಿಗೆ ಬಂದರೆ ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ವಾಪಸು ಕಳಿಸಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತರಾಟೆಗೆ ತೆಗೆದುಕೊಂಡು, ಬಡವನಿಗೆ ಹಣದ ಜಾಮೀನು ಅಂದರೆ ಜಾಮೀನು ಇಲ್ಲ ಅಂತಲೇ ಅರ್ಥ ಎಂಬ ದನಿಯಲ್ಲಿ ತೀರ್ಪು ಕೊಟ್ಟರು. ಮರುವರ್ಷ, 1979ರಲ್ಲಿ, ಹುಸೇನಾರ ಖಾತೂನ್ ಪ್ರಕರಣ ಬಂತು. ತಮ್ಮ ಮೇಲಿನ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ಬಿಹಾರದ ಜೈಲುಗಳಲ್ಲಿ ಕೊಳೆತವರ ಕಥೆ ಅದು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಿತು: ಬೇಲ್ ಆದವನು ಏಳು ದಿನದಲ್ಲಿ ಹೊರಗೆ ಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಭದ್ರತೆ ಕೊಡಲಾಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟು ಯೋಚಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 479ನೇ ಕಲಮು, ಗಲ್ಲು ಅಥವಾ ಜೀವಾವಧಿಯ ಆರೋಪ ಇಲ್ಲದೆ ಮೊದಲ ಸಲ ಸಿಕ್ಕಿಬಿದ್ದವನನ್ನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದ ಮೇಲೆ ಬಿಡಬೇಕು ಅನ್ನುತ್ತದೆ. ಆದರೆ ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದವನಿಗೆ ಆ ಅನುಕೂಲ ಇಲ್ಲ ಅಂತ ಅದೇ ಕಲಮು ಬಾಗಿಲು ಹಾಕುತ್ತದೆ. ಠಾಣೆಯವರು ಊರಲ್ಲಿ ಏನು ಕಳುವಾದರೂ ಮೊದಲು ಬಂದು ಬಡಿಯುವುದು ಯಾರ ಬಾಗಿಲು ಎಂಬುದು ಕೇರಿಯಲ್ಲಿ ಹುಟ್ಟಿದವರಿಗೆ ಗೊತ್ತು.

ಹೀಗೆ ನಲವತ್ತೈದು ವರ್ಷದಿಂದ ಒಳ್ಳೆಯ ಮಾತು ಮೇಲಿನಿಂದ ಇಳಿಯುತ್ತಲೇ ಇದೆ. ತಾಲ್ಲೂಕು ಕೋರ್ಟಿನ ಹೊರಗೆ ನಿಂತವನಿಗೆ ಈಗಲೂ ಕೇಳುವುದು ಪಹಣಿಯನ್ನೇ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಭೂಮಿ ಕೇಳಿ ಬೀದಿಗೆ ಬಂದಾಗ ಅದನ್ನು ಅನ್ನದ ಪ್ರಶ್ನೆ, ಸ್ವಾಭಿಮಾನದ ಪ್ರಶ್ನೆ ಅಂತ ಓದಿದೆವು. ಅದು ಬಿಡುಗಡೆಯ ಪ್ರಶ್ನೆಯೂ ಆಗಿತ್ತು, ತೀರಾ ಅಕ್ಷರಶಃ ಅರ್ಥದಲ್ಲಿ. ಒಂದು ಎಕರೆ ಇದ್ದವನು ಮನೆಯಿಂದ ಬಂದು ವಿಚಾರಣೆಗೆ ನಿಲ್ಲುತ್ತಾನೆ, ಇಲ್ಲದವನು ಜೈಲಿನಿಂದ ವ್ಯಾನಿನಲ್ಲಿ ಬರುತ್ತಾನೆ.

3

ನಮ್ಮ ಸಾಹಿತ್ಯ ಜೈಲನ್ನು ಹೇಗೆ ಕಂಡಿದೆ? ಜೈಲಿನ ಬಗ್ಗೆ ನಮ್ಮಲ್ಲಿ ಗೌರವವೇ ಇದೆ. ತಿಲಕರು ಮಾಂಡಲೆಯ ಜೈಲಿನಲ್ಲಿ ಗೀತಾರಹಸ್ಯ ಬರೆದರು. ನೆಹರೂ ಅಹಮದ್‌ನಗರದ ಕೋಟೆಯಲ್ಲಿ ಭಾರತವನ್ನು ಕಂಡರು. ನಮ್ಮ ಬೇಂದ್ರೆ 'ನರಬಲಿ' ಕವಿತೆಗಾಗಿ ಹಿಂಡಲಗಾ ಸೇರಿದರು. ಇವರ ತ್ಯಾಗವನ್ನು ಹಗುರ ಮಾಡುವ ಇರಾದೆ ನನಗಿಲ್ಲ. ಆದರೆ ಈ ಕಥನಗಳಿಂದ ಸೆರೆಮನೆ ಎಂದರೆ ತಪಸ್ಸಿನ ಜಾಗ, ಓದು ಬರಹದ ಜಾಗ ಎಂಬ ಒಂದು ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಮಾಂಡಲೆಯಲ್ಲಿ ತಿಲಕರಿಗೆ ಅಡುಗೆ ಮಾಡಲು ಬ್ರಾಹ್ಮಣ ಕೈದಿಯೊಬ್ಬನನ್ನು ಕೊಡಲಾಗಿತ್ತು. ಬ್ರಿಟಿಷರು ರಾಜದ್ರೋಹಿಗೆ ಆರು ವರ್ಷ ಗಡೀಪಾರು ಕೊಟ್ಟರು, ಅವರ ಮಡಿಯನ್ನು ಮಾತ್ರ ಕಾಪಾಡಿದರು. ಮೂವತ್ತರ ದಶಕದಲ್ಲಿ ಕೈದಿಗಳನ್ನು ಎ, ಬಿ, ಸಿ ಅಂತ ದರ್ಜೆ ಮಾಡಿದಾಗ ಪುಸ್ತಕ ಬರೆದವರು ಬಹುಪಾಲು ಮೇಲಿನ ದರ್ಜೆಗಳಲ್ಲಿದ್ದವರು. ಬಕೀಟು ಎತ್ತಿದವನು ಬರೆಯಲಿಲ್ಲ. ಬರೆದವರ ಪುಟಗಳಲ್ಲಿ ಅವನು ಒಂದು ನೆರಳಾಗಿ ಹಾದು ಹೋಗುತ್ತಾನೆ.

ತುರ್ತುಪರಿಸ್ಥಿತಿಯ ಬರಹಗಳಲ್ಲೂ ನಾಯಕ ರಾಜಕೀಯ ಬಂಧಿಯೇ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ 1976ರಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದರು. ಅಸ್ತಮಾ ಉಲ್ಬಣಿಸಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ತಮ್ಮ ಪಕ್ಕದಲ್ಲಿದ್ದ ಸಾಮಾನ್ಯ ಹೆಣ್ಣು ಕೈದಿಗಳ ಪಾಡನ್ನೂ ಕಣ್ಣು ತೆರೆದು ನೋಡಿದ ಅವರ ದಿನಚರಿ ಈ ಪರಂಪರೆಯಲ್ಲಿ ಅಪವಾದ. ಆ ಹೆಂಗಸರ ಸ್ವಂತ ದಿನಚರಿ ನಮಗೆ ಸಿಕ್ಕಿಲ್ಲ.

ಸಿಕ್ಕಿರುವುದು ಬೇರೊಂದು ಪಠ್ಯ. ಜೈಲು ಕೈಪಿಡಿ. ದಲಿತ ವಿಮರ್ಶೆ ಕಾವ್ಯಮೀಮಾಂಸೆಯನ್ನು ಓದಿದಷ್ಟೇ ಎಚ್ಚರದಿಂದ ಓದಬೇಕಾದ ಪಠ್ಯ ಇದು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ 2020ರಲ್ಲಿ ಇವುಗಳ ಬಗ್ಗೆ ಬರೆದರು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಆಗ ಎಲ್ಲರ ಕಣ್ಣಿಗೆ ಬಿದ್ದದ್ದೇನು? ಉತ್ತರ ಪ್ರದೇಶದ ಕೈಪಿಡಿಯಲ್ಲಿ, ಸಾದಾ ಸಜೆಯ ಕೈದಿಗೆ ಹೀನ ಕೆಲಸ ಹೇಳಕೂಡದು, ಅಂಥ ಕೆಲಸ ಮಾಡಿ ರೂಢಿಯಿರುವ ಸಮುದಾಯದವನಾದರೆ ಹೇಳಬಹುದು ಎಂಬ ನಿಯಮ. ಪಶ್ಚಿಮ ಬಂಗಾಳದ ಕೈಪಿಡಿಯಲ್ಲಿ, ಕಸ ಗುಡಿಸುವವರನ್ನು ಇಂತಿಂಥ ಜಾತಿಗಳಿಂದಲೇ ಆರಿಸಬೇಕು, ಅಡುಗೆಯವನು ತಕ್ಕ ಜಾತಿಯವನಾಗಿರಬೇಕು ಎಂಬ ನಿಯಮ. 2024ರ ಅಕ್ಟೋಬರ್ 3ರಂದು ಕೋರ್ಟು ಇಂಥ ನಿಯಮಗಳನ್ನು ಸಂವಿಧಾನ ವಿರೋಧಿ ಅಂತ ಹೊಡೆದು ಹಾಕಿತು, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಅಂತ ಹೇಳಿತು. ಅಂಬೇಡ್ಕರರು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟದ್ದು 1927ರ ಡಿಸೆಂಬರ್ 25ರಂದು. ಅದರ ಒಂದೆರಡು ಪುಟ ಉರಿಯಿಂದ ತಪ್ಪಿಸಿಕೊಂಡು ಜೈಲಿನ ಕಪಾಟಿನಲ್ಲಿ 97 ವರ್ಷ ಭದ್ರವಾಗಿ ಕೂತಿತ್ತು ಅಂತಲೇ ಹೇಳಬೇಕು.

ಇಲ್ಲಿ ಫೂಕೊನನ್ನು ನೆನೆಯುವುದು ನಮ್ಮ ಓರಗೆಯವರ ರೂಢಿ. ನಾನೂ ನೆನೆಯುತ್ತೇನೆ. ಜೈಲು ಅಪರಾಧವನ್ನು ಇಲ್ಲವಾಗಿಸುವುದಿಲ್ಲ, 'ಅಪರಾಧಿ' ಎಂಬ ಒಂದು ಮನುಷ್ಯ ಜಾತಿಯನ್ನೇ ತಯಾರಿಸುತ್ತದೆ ಎಂದು ಅವನು 1975ರಲ್ಲಿ ವಾದಿಸಿದ. ಒಪ್ಪತಕ್ಕ ಮಾತು. ಆದರೆ ಅವನ ಯುರೋಪಿನ ಜೈಲು ಮನುಷ್ಯನನ್ನು ಒಳಗೆ ತಂದು ಆಮೇಲೆ ವರ್ಗೀಕರಿಸುತ್ತದೆ. ನಮ್ಮಲ್ಲಿ ವರ್ಗೀಕರಣ ಹುಟ್ಟಿನಲ್ಲೇ ಮುಗಿದಿರುತ್ತದೆ. 1871ರ ಕ್ರಿಮಿನಲ್ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟು ಅಪರಾಧಿಗಳು ಎಂದಿತು. 1952ರಲ್ಲಿ ಅದು ರದ್ದಾಯಿತು, ಜಾಗಕ್ಕೆ 'ರೂಢಿಗತ ಅಪರಾಧಿ' ಕಾಯಿದೆಗಳು ಬಂದವು. ನಮ್ಮ ರಾಜ್ಯಕ್ಕೂ 1961ರಲ್ಲಿ ಒಂದು ಬಂತು. 'ಹುಟ್ಟು' ಹೋಗಿ 'ರೂಢಿ' ಬಂತು ಅಷ್ಟೆ. ಯಾವುದು ಅಪರಾಧ ಅನ್ನುವುದನ್ನೂ ಅಧಿಕಾರ ಇದ್ದವರೇ ಹೇಳುತ್ತಾ ಬಂದಿದ್ದಾರೆ. ಕಲ್ಯಾಣದಲ್ಲಿ ಹರಳಯ್ಯ, ಮಧುವರಸರು ತಮ್ಮ ಮಕ್ಕಳ ಮದುವೆ ಮಾಡಿದ್ದಕ್ಕೆ ಎಳೆಹೂಟೆ ಶಿಕ್ಷೆ ಆಯಿತಲ್ಲ, ಆ ಕಥೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

4

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಅದು ದಡ್ಡ ಪ್ರಶ್ನೆ ಅಲ್ಲ. ಒಳಗಿದ್ದವನು ಒಳಗಿರುವಷ್ಟು ದಿನ ಹೊರಗೆ ಕದಿಯಲಾರ, ಇದು ನಿಜ. ಜೈಲು ಎಂಬುದೇ ಇಲ್ಲದಿದ್ದರೆ ಭಯವೇ ಇರುವುದಿಲ್ಲ ಎಂಬುದೂ ಒಂದು ಮಟ್ಟಿಗೆ ನಿಜ. ಹೆಚ್ಚು ಜನರನ್ನು ಹೆಚ್ಚು ಕಾಲ ಕೂಡಿಹಾಕಿದರೆ ಅದೇ ಲೆಕ್ಕದಲ್ಲಿ ಅಪರಾಧ ಇಳಿಯುತ್ತದೆಯೇ ಎಂಬುದು ಇಲ್ಲಿ ಕೇಳಬೇಕಾದದ್ದು.

ಇದನ್ನು ಪ್ರಯೋಗ ಮಾಡಿ ನೋಡಿದ ದೇಶ ಅಮೆರಿಕ. 1970ರ ದಶಕದ ಶುರುವಿನಲ್ಲಿ ಅಲ್ಲಿನ ರಾಜ್ಯ ಮತ್ತು ಕೇಂದ್ರ ಕಾರಾಗೃಹಗಳಲ್ಲಿ ಸುಮಾರು 2 ಲಕ್ಷ ಜನ ಇದ್ದರು. 2009ರ ಹೊತ್ತಿಗೆ 15 ಲಕ್ಷ ದಾಟಿದ್ದರು. ಅವರಲ್ಲಿ ಕಪ್ಪು ಜನರ ಪಾಲು ಅವರ ಜನಸಂಖ್ಯೆಗೆ ಎಷ್ಟೋ ಮೀರಿದ್ದು. ಅಲ್ಲಿಯ ರಾಷ್ಟ್ರೀಯ ಸಂಶೋಧನಾ ಮಂಡಳಿ 2014ರಲ್ಲಿ ಇದನ್ನೆಲ್ಲ ತೂಗಿ ನೋಡಿ, ಇಷ್ಟು ದೊಡ್ಡ ಏರಿಕೆಯಿಂದ ಅಪರಾಧ ಎಷ್ಟು ಇಳಿಯಿತು ಅನ್ನುವುದು ಖಚಿತವಿಲ್ಲ, ದೊಡ್ಡ ಪ್ರಮಾಣದಲ್ಲಿ ಇಳಿದಿರುವುದು ಅನುಮಾನ ಎಂದಿತು. ಬಹಳ ಉದ್ದದ ಶಿಕ್ಷೆ ಭಯ ಹುಟ್ಟಿಸುವುದರಲ್ಲಿ ಕೆಲಸಕ್ಕೆ ಬಾರದು ಎಂದೂ ಹೇಳಿತು. ಇನ್ನೊಂದು ತುದಿಯಲ್ಲಿ ಫಿನ್ಲೆಂಡ್ ಇದೆ. ಎರಡನೇ ಮಹಾಯುದ್ಧದ ನಂತರ ಅದು ತನ್ನ ನೆರೆಯ ದೇಶಗಳಿಗಿಂತ ಬಹಳ ಹೆಚ್ಚು ಜನರನ್ನು ಜೈಲಿನಲ್ಲಿಟ್ಟಿತ್ತು. ತೊಂಬತ್ತರ ದಶಕದ ಹೊತ್ತಿಗೆ ಬೇಕೆಂದೇ ಇಳಿಸುತ್ತಾ ಬಂದು ನೆರೆಯವರ ಮಟ್ಟಕ್ಕೆ ತಂದಿತು. ಅದಕ್ಕಾಗಿ ಅಲ್ಲಿ ಅಪರಾಧ ನೆರೆಯ ದೇಶಗಳಿಗಿಂತ ಬೇರೆ ದಾರಿ ಹಿಡಿಯಲಿಲ್ಲ. ಅಪರಾಧಶಾಸ್ತ್ರಜ್ಞರು ಬಹುಮಟ್ಟಿಗೆ ಒಪ್ಪುವ ಮಾತೊಂದಿದೆ: ಶಿಕ್ಷೆ ಎಷ್ಟು ಘೋರ ಎಂಬುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಾತ್ರಿ ಎಂಬುದು ಜನರನ್ನು ತಡೆಯುತ್ತದೆ.

ಆದರೆ ಅಮೆರಿಕದ ಅಂಗಿಯನ್ನು ನಮಗೆ ತೊಡಿಸಲು ಬರುವುದಿಲ್ಲ. ಜನಸಂಖ್ಯೆಗೆ ಹೋಲಿಸಿದರೆ ನಮ್ಮ ದೇಶ ಜೈಲಿಗೆ ಹಾಕುವುದು ಕಡಿಮೆ, ಲಕ್ಷಕ್ಕೆ ನಲವತ್ತರ ಆಸುಪಾಸು. ಅವರದು ಶಿಕ್ಷೆ ಕೊಟ್ಟು ತುಂಬಿಸಿದ ಜೈಲು. ನಮ್ಮದು ಶಿಕ್ಷೆ ಕೊಡದೆ ತುಂಬಿಸಿದ ಜೈಲು. ಅಪರಾಧ ಮಾಡಿದ್ದಾನೋ ಇಲ್ಲವೋ ಗೊತ್ತಾಗದವನನ್ನು ಕೂಡಿಹಾಕಿದ್ದರಿಂದ ಅಪರಾಧ ಕಡಿಮೆ ಆಯಿತು ಅಂತ ಹೇಳಲು ಯಾವ ಶಾಸ್ತ್ರವೂ ಸಹಾಯಕ್ಕೆ ಬಾರದು. ಒಳಗಿದ್ದಾಗ ಏನಾಗುತ್ತದೆ ಎಂಬುದು ಮಾತ್ರ ಗೊತ್ತು. ಕೆಲಸ ಹೋಗುತ್ತದೆ. ವಕೀಲರಿಗೆ, ವಾಯಿದೆಗೆ ಅಂತ ಮನೆಯವರು ಬಡ್ಡಿಗೆ ಸಾಲ ತರುತ್ತಾರೆ. ಇಪ್ಪತ್ತೆರಡರ ಹುಡುಗ ಪಕ್ಕದಲ್ಲಿ ಮಲಗುವ ಪಳಗಿದವನಿಂದ ಪಾಠ ಕಲಿಯುತ್ತಾನೆ. ನಮ್ಮ ಕಡೆ ಜೈಲಿಗೆ 'ಮಾವನ ಮನೆ' ಅಂತ ತಮಾಷೆಗೆ ಅನ್ನುತ್ತಾರೆ. ಒಂದು ಸಲ ಹೋದವನಿಗೆ ಮತ್ತೆ ಮತ್ತೆ ಹೋಗುವ ನೆಂಟಸ್ತಿಕೆ ಬೆಳೆಯುತ್ತದೆ ಎಂಬ ಕಹಿ ಆ ತಮಾಷೆಯ ಒಳಗಿದೆ.

5

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ಸಲೀಸಾಗಿ ಮುಗಿಯುತ್ತಿತ್ತು. ನಿಲ್ಲಿಸಲು ಮನಸ್ಸು ಬರುತ್ತಿಲ್ಲ. ನಾವೂ ಜೈಲು ಕೇಳುವವರೇ ಅಲ್ಲವಾ?

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಆವತ್ತು ನಮ್ಮವರು ಕೂಗಿದ್ದು ಜೈಲಿಗೆ ಹಾಕಿ ಅಂತಲೇ. ಅದೇ 2014ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಳೆದು 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಸುದ್ದಿ ಓದಿದ ರಾತ್ರಿ ನನಗೆ ಸಂತೋಷ ಆಯಿತು. ಮುಚ್ಚಿಡುವುದೇಕೆ? ಮುಂದಿನ ತಿಂಗಳೇ ಅವರಲ್ಲಿ ಬಹುಪಾಲು ಜನಕ್ಕೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಮೇಲ್ಮನವಿ ಬಾಕಿ ಇರುವಾಗ ಜಾಮೀನು ಕೊಡುವುದು ಕಾನೂನಿಗೆ ಹೊರತಲ್ಲ, ಅದನ್ನು ತಪ್ಪು ಅನ್ನಲಾರೆ. ಜೀವಾವಧಿ ಶಿಕ್ಷೆಯಾದವರಿಗೆ ಕೆಲವೇ ವಾರಗಳಲ್ಲಿ ತೆರೆದ ಬಾಗಿಲು ಬೈಕ್ ಕೇಸಿನ ಹುಡುಗನಿಗೆ ಎಂಟು ತಿಂಗಳಾದರೂ ಯಾಕೆ ತೆರೆಯಲಿಲ್ಲ ಎಂದು ಕೇಳುತ್ತೇನೆ ಅಷ್ಟೆ.

ಹಾಗಾದರೆ ನಾವು ಕೇಳುವ ಜೈಲು ಬೇರೆ, ಬಯ್ಯುವ ಜೈಲು ಬೇರೆಯೋ? ಈ ಇಬ್ಬಂದಿಯನ್ನು ಅಡಗಿಸಿ ಮಾತಾಡುವ ದಲಿತ ವಿಮರ್ಶೆ ಅರ್ಧ ಸತ್ಯದ ವಿಮರ್ಶೆ. ನನಗೆ ತಿಳಿದಂತೆ ಕಂಬಾಲಪಲ್ಲಿಯವರು ಕೇಳಿದ್ದು ಖಾತ್ರಿಯನ್ನು. ನಮ್ಮನ್ನು ಕೊಂದರೆ ಕೇಸು ದಡ ಮುಟ್ಟುತ್ತದೆ, ಸಾಕ್ಷಿ ಹೇಳಿದವನು ಊರಲ್ಲಿ ಬದುಕಬಹುದು ಎಂಬ ಖಾತ್ರಿ. ಶಾಸ್ತ್ರಜ್ಞರು ಅಂಕಿ ಅಂಶ ಹಾಕಿ ಹೇಳಿದ್ದನ್ನು ಕೇರಿ ಅನುಭವದಿಂದ ಬಲ್ಲದು. ಕೇಸು ಎಳೆದಾಡುವ ಅದೇ ನಿಧಾನ ಎರಡು ಕಡೆ ಎರಡು ಫಲ ಕೊಡುತ್ತದೆ. ಭೂಮಿ ಇರುವ ಆರೋಪಿಗೆ ಅದು ಸಾಕ್ಷಿಯನ್ನು ಸವೆಸಲು ಸಿಗುವ ಕಾಲ. ಭೂಮಿ ಇಲ್ಲದ ಆರೋಪಿಗೆ ಅದೇ ಶಿಕ್ಷೆ. ಜಾಮೀನು ಸಡಿಲಿಸಿ ಅನ್ನುವುದೂ ದೌರ್ಜನ್ಯದ ಕೇಸು ಬೇಗ ಮುಗಿಸಿ ಅನ್ನುವುದೂ ಒಂದೇ ಬೇಡಿಕೆಯ ಎರಡು ಸಾಲುಗಳು. ಜೈಲಿಗೆ ಇನ್ನೂ ನಾಲ್ಕು ಬ್ಯಾರಕ್ ಕಟ್ಟುವುದರಿಂದ ಈ ಎರಡರಲ್ಲಿ ಒಂದೂ ಈಡೇರದು.

ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದರು. ನಮ್ಮ ಸಂಘಟನೆಗಳು ಧರಣಿ ಕೂರುವುದು ಆ ಹಳೆ ಜೈಲಿನ ಆವರಣದಲ್ಲೇ. ಸ್ವಾತಂತ್ರ್ಯದ ಹೆಸರಿಟ್ಟ ಜೈಲಿನಲ್ಲಿ ಕೂತು ಭೂಮಿ ಕೇಳುತ್ತೇವೆ. ಇದನ್ನು ವ್ಯಂಗ್ಯ ಅಂತ ಓದಿ ಸುಮ್ಮನಾಗಬಹುದು, ಜಾಗ ಸರಿಯಾಗಿದೆ ಅಂತಲೂ ಓದಬಹುದು.

6

'ಒಡಲಾಳ'ಕ್ಕೆ ಮರಳುತ್ತೇನೆ. ಇಷ್ಟು ದಿನ ನಾವು ಕಡಲೆಕಾಯಿ ತಿನ್ನುವ ರಾತ್ರಿಯನ್ನು ಓದಿದೆವು, ಪೊಲೀಸರು ಬರುವ ಬೆಳಗನ್ನು ಕಥೆಯ ಮುಕ್ತಾಯ ಎಂದುಕೊಂಡೆವು. ಕೇರಿಯ ಮಟ್ಟಿಗೆ ಅದು ಶುರು. ಠಾಣೆ, ಕೋರ್ಟು, ವಾಯಿದೆ, ಶೂರಿಟಿ ಅಂತ ಅಲ್ಲಿಂದ ಮುಂದೆ ಒಂದು ಉದ್ದದ ಕಥನ ಇದೆ. ಅದನ್ನು ಬರೆಯುವವರು ಗುಮಾಸ್ತರು, ರಿಜಿಸ್ಟರಿನಲ್ಲಿ. ಆ ರಿಜಿಸ್ಟರನ್ನು, ಕೈಪಿಡಿಯನ್ನು, ಜಾಮೀನು ಆದೇಶವನ್ನು ಪಠ್ಯವಾಗಿ ಓದದ ದಲಿತ ವಿಮರ್ಶೆ ನವಿಲನ್ನು ಮೆಚ್ಚಿಕೊಂಡು ಗೋಡೆಯನ್ನು ಮರೆಯುತ್ತದೆ. ಈ ತಪ್ಪು ನನ್ನದೂ ಹೌದು.

ಆ ಹುಡುಗನ ಅಣ್ಣ ಹತ್ತನೇ ತಿಂಗಳಲ್ಲಿ ಹೊರಗೆ ಬಂದ. ಊರಿನ ಜಮೀನ್ದಾರರೊಬ್ಬರು ಪಹಣಿ ಕೊಟ್ಟು ಜಾಮೀನು ನಿಂತರಂತೆ. "ಒಳ್ಳೇದಾಯ್ತಲ್ಲಪ್ಪ, ಈಗ ಏನ್ ಮಾಡ್ತಿದಾನೆ?" ಅಂದೆ. "ಅವರ ತೋಟದಲ್ಲೇ ಇದಾನೆ ಸಾರ್. ಕೇಸ್ ಮುಗಿಯೋ ತನಕ ಊರು ಬಿಡಂಗಿಲ್ಲ ಅಂದಿದಾರೆ." ಸಂಬಳ ಎಷ್ಟು ಅಂತ ಕೇಳಿದೆ. ಹುಡುಗ ನನ್ನ ಮುಖ ನೋಡಿದ. ಜೀತ ರದ್ದಾದದ್ದು 1976ರಲ್ಲಿ ಅಂತ ಅದೇ ವಾರ ಅವರ ತರಗತಿಗೆ ಬರೆಸಿದ್ದೆ. ಅವನ ನೋಟ್ ಪುಸ್ತಕದಲ್ಲಿ ಅದು ಇತ್ತು.